ಬಾವಿಕಟ್ಟೆಯ ಮೇಲೆ ಪಾಠ ಕಲಿತ ರಿಮೋಟ್

ನಮ್ಮ ದೊಡ್ಡಪ್ಪನ ಮಗನ ಅಂಗಡಿಯಿಂದ ಅವನ ಮನೆಗೆ ಹೋಗುವ ದಾರಿಯಲ್ಲಿ ಒಂದು ಬಾವಿ ಇದೆ. ಅದರಲ್ಲಿ ನೀರು ಸೇದುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಮೇಲೆ ಕಬ್ಬಿಣದ ಜಾಲರಿ, ಸುತ್ತ ಮೊಳಕಾಲೆತ್ತರದ ಕಲ್ಲುಕಟ್ಟೆ. ಬಾವಿ ಅಂದ ಕೂಡಲೇ ನೀವು ಏನೇನೋ ಊಹಿಸಿಕೊಳ್ಳಬೇಡಿ. ಅದರಲ್ಲಿ ಯಾರೂ ಬಿದ್ದಿಲ್ಲ, ಯಾರೂ ಸತ್ತಿಲ್ಲ. ನಾನೀಗ ಹೇಳುವ ಸಂಗತಿಗೂ ಅದಕ್ಕೂ ಇರುವ ನಂಟು ಇಷ್ಟೇ... ಅವನ ಜೇಬು ಬೆಳಗಿದ್ದು ಅದರ ಪಕ್ಕದಲ್ಲಿ.

ರಾತ್ರಿ ಹತ್ತೂವರೆ ಇರಬೇಕು. ಬೀದಿದೀಪ ಒಂದು ಬಿಟ್ಟು ಒಂದು ಉರಿಯುತ್ತಿತ್ತು. ಅವನ ಚಪ್ಪಲಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಚಟ್... ಚಟ್... ಚಟ್... ಬಾವಿಯ ಹತ್ತಿರ ಬಂದಾಗ ಅಂಗಿಯ ಜೇಬಿನಲ್ಲಿ ಏನೋ ಕೆಂಪಗೆ ಕಂಡಿತು. ಕಿಡಿ ಬಿತ್ತೇನೋ ಅಂತ ಜೇಬು ಬಡಿದುಕೊಂಡ. ಕಿಡಿಯಲ್ಲ. ಜೇಬಿನಲ್ಲಿದ್ದ ರಿಮೋಟ್‌ನ ಪುಟ್ಟ ದೀಪ.

ಅವನು ಅದನ್ನು ಮುಟ್ಟಿರಲಿಲ್ಲ.

ಇವನ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಇವನದು ಆಡಿಯೋ ಸೆಟ್ಟು, ಆಂಪ್ಲಿಫೈಯರ್ ರಿಪೇರಿ ಅಂಗಡಿ. ಒಬ್ಬರು ನಿಂತರೆ ಇನ್ನೊಬ್ಬರು ಹೊರಗಿರಬೇಕು, ಅಷ್ಟಗಲದ್ದು. ಹತ್ತನೇ ಕ್ಲಾಸಿಗೆ ಎರಡು ಸಲ ಕೂತು ಎರಡು ಸಲವೂ ಅಲ್ಲೇ ಉಳಿದವನನ್ನು ಇಡೀ ಬೀದಿ 'ಮೇಷ್ಟ್ರು' ಅನ್ನುತ್ತದೆ. ಕಾರಣ, ಕಲಿಯುವ ರಿಮೋಟ್. ಮನೆಯಲ್ಲಿ ಟಿವಿ, ಟೇಪು ಅಂತ ನಾಲ್ಕು ಪೆಟ್ಟಿಗೆ, ನಾಲ್ಕು ರಿಮೋಟ್ ಇದ್ದವರು ಈ ಒಂದನ್ನು ಕೊಂಡುಕೊಂಡರೆ ಸಾಕು. ಹಳೆಯ ರಿಮೋಟನ್ನು ಇದರ ಎದುರು ಮೂತಿಗೆ ಮೂತಿ ಕೊಟ್ಟು ಮಲಗಿಸಬೇಕು. ಹೊಸದರ 'ಸೆಟ್' ಕೀ ಒತ್ತಿ ಹಿಡಿದರೆ ಕೆಂಪು ದೀಪ ಹತ್ತುತ್ತದೆ. ಆಮೇಲೆ ಇದರ ಒಂದು ಕೀ, ಅದರ ಒಂದು ಕೀ. ದೀಪ ಎರಡು ಸಲ ಮಿನುಗಿದರೆ ಪಾಠ ತಲೆಗೆ ಹತ್ತಿತು ಅಂತ ಅರ್ಥ. ಪಟಪಟನೆ ಐದು ಸಲ ಮಿನುಗಿದರೆ ಹತ್ತಲಿಲ್ಲ, ಮತ್ತೆ ಮೊದಲಿಂದ. ಇವನು ಹೀಗೆ ನೂರಾರು ರಿಮೋಟ್‌ಗೆ ಪಾಠ ಹೇಳಿದ್ದ. "ನನ್ನ ಶಿಷ್ಯರಲ್ಲಿ ಫೇಲಾದವರೇ ಇಲ್ಲ" ಅಂತ ಕೊಚ್ಚಿಕೊಳ್ಳುತ್ತಿದ್ದ.

ಅವನಿಗೊಂದು ಅಭ್ಯಾಸ ಇತ್ತು. ಯಾವ ಕಲಿಯುವ ರಿಮೋಟ್ ಕೈಗೆ ಬಂದರೂ ಮೊದಲು 'ಸೆಟ್' ಮತ್ತು 'ಪವರ್' ಎರಡನ್ನೂ ಒಟ್ಟಿಗೆ ಅದುಮಿ ಹಿಡಿಯುವುದು. ದೀಪ ನಾಲ್ಕು ಸಲ ಮಿನುಗುತ್ತದೆ. ಇದ್ದಬದ್ದ ಪಾಠವೆಲ್ಲ ಅಳಿಸಿಹೋಗುತ್ತದೆ. ಜನ ಅದಕ್ಕೆ ಅರ್ಧಂಬರ್ಧ ಏನೇನೋ ಕಲಿಸಿ ಕೆಡಿಸಿಕೊಂಡು ಬಂದಿರುತ್ತಾರೆ, ಸ್ಲೇಟು ಒರೆಸಿಯೇ ಶುರು ಮಾಡಬೇಕು ಅನ್ನುವುದು ಅವನ ಲೆಕ್ಕ. ಕೊನೆಕೊನೆಗೆ ತಲೆಯನ್ನು ಕೇಳದೆ ಕೈಯೇ ಆ ಕೆಲಸ ಮುಗಿಸಿಬಿಡುತ್ತಿತ್ತು.

ಮೂರು ದಿನದ ಹಿಂದೆ ಡ್ರೈವರಣ್ಣ ಬಂದಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿದವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಈಗ ಬೆಳಕು ಯಾವುದು, ಬಾಗಿಲು ಯಾವುದು ಅನ್ನುವಷ್ಟು ಮಾತ್ರ ಕಾಣುತ್ತದೆ. ಹೆಂಡತಿಯ ಭುಜ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದರು. ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ರಿಮೋಟ್.

"ಮೇಷ್ಟ್ರೇ, ಸದ್ದು ಕಮ್ಮಿ ಮಾಡೋ ಕೀ ಒಂದು ಕೇಳ್ತಾ ಇಲ್ಲ. ಅದೊಂದು ಸರಿ ಮಾಡ್ಕೊಡಿ. ಬೇರೆ ಏನೂ ಮುಟ್ಬೇಡಿ. ಮಗಳು ಕಲಿಸಿದ್ದು."

ಅಷ್ಟೇ ಹೇಳಿದ್ದು. ಮಗಳು ಅಂದರೆ ಯಾರು, ಏನು ಅಂತ ಬೀದಿಗೆಲ್ಲ ಗೊತ್ತು. ಒಬ್ಬಳೇ ಮಗಳು. ಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ತೀರಿಹೋಗಿ ಎಂಟು ತಿಂಗಳಾಗಿತ್ತು. ಹಾಸಿಗೆ ಹಿಡಿಯುವ ಮುಂಚಿನ ವಾರ ಅಪ್ಪನಿಗಾಗಿ ಈ ರಿಮೋಟ್ ತಂದಿದ್ದಳು. ಮೇಲಿನ ಒಂದೇ ಕೀಗೆ ನಾಲ್ಕು ಕೆಲಸ ಕಲಿಸಿದ್ದಳು. ಅದನ್ನೊತ್ತಿದರೆ ಆಂಪ್ಲಿಫೈಯರ್ ಹತ್ತಬೇಕು, ಟೇಪಿನ ಸದ್ದು ಬರುವ ದಾರಿ ತೆರೆಯಬೇಕು, ಟೇಪು ಓಡಬೇಕು, ಸದ್ದು ಅಪ್ಪನ ಕಿವಿಗೆ ಹಿತವಾದ ಮಟ್ಟಕ್ಕೆ ಬಂದು ನಿಲ್ಲಬೇಕು. ಆ ಕೀ ಮೇಲೆ ಬೆರಳಿಗೆ ಸಿಗಲಿ ಅಂತ ಉಗುರುಬಣ್ಣದ ಒಂದು ಬೊಟ್ಟು. "ಇನ್ಮೇಲೆ ನೀನು ಯಾರನ್ನೂ ಕೂಗ್ಬೇಕಾಗಿಲ್ಲಪ್ಪಾ" ಅಂದಿದ್ದಳಂತೆ. ಇನ್ನು ಇವೇಕೆ ಮನೆ ತುಂಬ ಅಂತ ಹಳೆಯ ರಿಮೋಟ್‌ಗಳನ್ನು ಗುಜರಿಯವನಿಗೆ ಹಾಕಿದ್ದಳು.

ಡ್ರೈವರಣ್ಣ ಮೆಟ್ಟಿಲಿಳಿದು ಹೋದರು. ಅಷ್ಟರಲ್ಲಿ ಮೇಷ್ಟ್ರಿಗೆ ಫೋನು ಬಂತು. ಸ್ಪೀಕರ್ ಬಾಡಿಗೆಗೆ ಒಯ್ದವನೊಬ್ಬ ಅದರ ತಂತಿ ಇಲಿ ಕಡಿಯಿತು ಅಂತ ಕತೆ ಹೊಡೆಯುತ್ತಿದ್ದ. ಇವನು ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, "ಇಲೀನ ಕರ್ಕೊಂಡು ಬಾ, ಅದರ ಹತ್ರಾನೇ ವಿಚಾರಿಸ್ತೀನಿ" ಅಂತ ನಗುತ್ತಿದ್ದ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

ದೀಪ ಮಿನುಗಿತು. ಒಂದು... ಎರಡು... ಮೂರು... ನಾಲ್ಕು.

ನಗು ಬಾಯಲ್ಲೇ ನಿಂತಿತು.

ಕೀ ಸರಿ ಮಾಡುವುದು ಐದು ನಿಮಿಷದ ಕೆಲಸ. ರಬ್ಬರಿನ ಕೆಳಗೆ ಕೊಳೆ ಕೂತಿರುತ್ತದೆ, ಸ್ಪಿರಿಟ್ ಹಚ್ಚಿ ಒರೆಸಿದರೆ ಮುಗಿಯಿತು. ಅದನ್ನು ಮಾಡಿದ. ಆದರೆ ಅಳಿಸಿಹೋದ ಪಾಠ? ಮತ್ತೆ ಕಲಿಸೋಣ ಅಂದರೆ ಕಲಿಸಬೇಕಾದ ಹಳೆಯ ರಿಮೋಟ್ ಇಲ್ಲ. ಕಂಪನಿಯ ಪಟ್ಟಿಯಲ್ಲಿ ಹುಡುಕೋಣ ಅಂದರೆ ಆ ಆಂಪ್ಲಿಫೈಯರ್ ಯಾವ ಕಂಪನಿಯದ್ದೂ ಅಲ್ಲ, ಯಾರೋ ಕೈಯಲ್ಲಿ ಜೋಡಿಸಿ ಮಾರಿದ್ದು. ಮಾರಿದವನು ಈಗ ಎಲ್ಲಿದ್ದಾನೋ. ಮೂರು ದಿನ ಗುಜರಿ ಅಂಗಡಿಗಳಲ್ಲಿ ಮೂಟೆ ಮೂಟೆ ರಿಮೋಟ್ ಸುರಿದು ಕೆದಕಿದ. ದಿನಾ ಸಂಜೆ ಡ್ರೈವರಣ್ಣ ಫೋನು ಮಾಡುತ್ತಿದ್ದರು. ಇವನು ದಿನಾ ಸಂಜೆ ಸುಳ್ಳು ಹೇಳುತ್ತಿದ್ದ. "ಪಾರ್ಟ್ ಬರ್ಬೇಕು ಅಣ್ಣಾ."

ಮೂರನೇ ಸಂಜೆ ಡ್ರೈವರಣ್ಣ ಮೆಲ್ಲಗೆ ಕೇಳಿದ್ದರು, "ಅವಳು ಕಲಿಸಿದ್ದು ಹಾಗೇ ಇದೆ ತಾನೇ?"

"ಇದೆ ಅಣ್ಣಾ."

ಆ ಮಾತು ಹೇಳಿದ ಮೇಲೆ ಅವನಿಗೆ ಊಟ ಸೇರಲಿಲ್ಲ. ಸತ್ತ ಹುಡುಗಿಯ ಕೈಕೆಲಸವನ್ನು ನಗುನಗುತ್ತಾ ಒರೆಸಿಹಾಕಿದೆನಲ್ಲಾ ಅಂತ ತನ್ನನ್ನೇ ಬೈದುಕೊಂಡ. ರಿಮೋಟನ್ನು ಅಂಗಡಿಯಲ್ಲಿ ಬಿಟ್ಟುಬರಲೂ ಮನಸ್ಸಾಗದೆ ಜೇಬಿಗೆ ಹಾಕಿಕೊಂಡು ಹೊರಟಿದ್ದ. ಹಾಗೆ ಬರುವಾಗಲೇ ಬಾವಿಯ ಹತ್ತಿರ ದೀಪ ಹತ್ತಿದ್ದು.

ಹೊರಗೆ ತೆಗೆದ. ಕೆಂಪು ದೀಪ ಆರಲಿಲ್ಲ. ಕಲಿಯಲು ಸಿದ್ಧವಾಗಿ ಕೂತ ದೀಪ ಅದು, ಅವನಿಗೆ ಚೆನ್ನಾಗಿ ಗೊತ್ತು. 'ಸೆಟ್' ಕೀ ಎಲ್ಲೋ ಜೇಬಿನಲ್ಲಿ ಒತ್ತಿಹೋಗಿರಬೇಕು ಅಂದುಕೊಂಡು ಬ್ಯಾಟರಿಯ ಮುಚ್ಚಳಕ್ಕೆ ಉಗುರು ಹಾಕಿದ.

ಆಗ ಮೇಲಿನ ಕೀ ತಾನಾಗಿ ಒಳಗೆ ಇಳಿಯಿತು.

ರಬ್ಬರಿನ ಕೀ... ಉಗುರುಬಣ್ಣದ ಬೊಟ್ಟಿದ್ದದ್ದು... ಯಾರೋ ಬೆರಳಿಟ್ಟು ಒತ್ತಿದ ಹಾಗೆ ತಗ್ಗಿತು. ಮತ್ತೆ ಮೇಲೆ ಬಂತು. ಅವನ ಬೆರಳು ಅಲ್ಲಿರಲಿಲ್ಲ.

ರಿಮೋಟನ್ನು ಬಾವಿಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಓಡಬೇಕು ಅನ್ನಿಸಿತು. ಆದರೆ ರಿಮೋಟನ್ನು ಅಲ್ಲೇ ಬಿಟ್ಟು ಹೋಗಲಾಗಲಿಲ್ಲ.

ಎದುರಿನ ಕತ್ತಲಿನಿಂದ ಒಂದು ಸದ್ದು... 'ಟುಪ್'.

ಇಪ್ಪತ್ತು ವರ್ಷದಿಂದ ದಿನವಿಡೀ ಕೇಳಿದ ಸದ್ದು. ಹಳೆಯ ರಿಮೋಟ್‌ನ ಕೀ ಒತ್ತುವ ಸದ್ದು. ಕಟ್ಟೆಯ ಮೇಲೆ ಇದ್ದದ್ದು ಇದೊಂದೇ. ಇದರ ಎದುರು ಬರೀ ಕಲ್ಲು.

ದೀಪ ಪಟಪಟನೆ ಐದು ಸಲ ಮಿನುಗಿತು. ಹತ್ತಲಿಲ್ಲ.

'ತ್ಚ' ಅಂತ ಯಾರೋ ನಾಲಿಗೆ ಲೊಚಗುಟ್ಟಿದರು. ಸೂಜಿಗೆ ದಾರ ಪೋಣಿಸುವಾಗ ತಪ್ಪಿದರೆ ಮಾಡುತ್ತೇವಲ್ಲ, ಅಷ್ಟೇ ಸಣ್ಣ ಸದ್ದು. ಅದನ್ನು ಕೇಳಿದ್ದೇ ತಡ, ಅವನ ಹೆದರಿಕೆ ಅರ್ಧ ಇಳಿಯಿತಂತೆ. ದೆವ್ವವಾದರೂ ಸರಿ, ಕೆಲಸ ಕೈಗೆ ಹತ್ತದೆ ಪೇಚಾಡುವವರನ್ನು ನೋಡುತ್ತಾ ಸುಮ್ಮನೆ ನಿಲ್ಲುವ ಪೈಕಿಯಲ್ಲ ನಮ್ಮವನು.

ಪಿಸುಗುಟ್ಟಿದ.

"ಒಂದು ಬೆರಳಷ್ಟು... ಹತ್ರ ಹಿಡೀಬೇಕಮ್ಮಾ."

ಕಟ್ಟೆಯ ಕಡೆ ಒಂದು ಹೆಜ್ಜೆ ಇಟ್ಟು ಮತ್ತೆ ಹೇಳಿದ.

"ಆ ಕೀಗೆ ನಾಲ್ಕು ಪಾಠ, ನಾಲ್ಕು ಸಲಾನೂ ಅಲುಗಾಡಿಸ್ಬಾರ್ದು. ನಿಧಾನ... ಯಾರೂ ಅವಸರ ಮಾಡಲ್ಲ."

ಕಲ್ಲಿನ ಮೇಲೆ ಪ್ಲಾಸ್ಟಿಕ್ ಜಾರಿದ ಹಾಗೆ 'ಸರ್' ಅಂತ ಸದ್ದಾಯಿತು. ಆಮೇಲೆ... ಟುಪ್.

ದೀಪ ಎರಡು ಸಲ ಮಿನುಗಿತು.

ಟುಪ್. ಎರಡು ಸಲ. ಟುಪ್. ಎರಡು ಸಲ. ಟುಪ್... ಎರಡು ಸಲ.

ಆಮೇಲೆ ಉಳಿದ ಕೀಗಳು. ಒಂದೊಂದೂ ತಗ್ಗುತ್ತಿತ್ತು, ಎದುರಿನ ಕತ್ತಲಲ್ಲಿ ಟುಪ್ ಅನ್ನುತ್ತಿತ್ತು, ದೀಪ ಮಿನುಗುತ್ತಿತ್ತು. ಮೇಷ್ಟ್ರು ಬೀದಿಯ ಮಣ್ಣಿನ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ. "ತಪ್ಪಾಯ್ತಮ್ಮಾ... ನಾನು ನೋಡ್ಲಿಲ್ಲ... ತಪ್ಪಾಯ್ತು" ಅಂತ ಹೇಳುತ್ತಲೇ ಇದ್ದ. ಅಳು ಬಂದದ್ದು ಯಾವಾಗ ಅಂತ ಅವನಿಗೇ ತಿಳಿಯದು. ಕೊನೆಗೊಮ್ಮೆ ದೀಪ ಆರಿತು. ಮತ್ತೆ ಹತ್ತಲಿಲ್ಲ.

ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ಡ್ರೈವರಣ್ಣನ ಮನೆಗೆ ಹೋದ. ಅವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ರಿಮೋಟನ್ನು ಕೈಗಿಟ್ಟ. ಅವರ ಹೆಬ್ಬೆರಳು ಬೊಟ್ಟನ್ನು ಹುಡುಕಿ ಒತ್ತಿತು.

ಆಂಪ್ಲಿಫೈಯರ್ ಒಳಗೆ 'ಟಕ್' ಅಂತು. ಸ್ಪೀಕರ್ 'ಮ್‌ಮ್' ಅಂತು. ಟೇಪು 'ಕರ್‌ರ್' ಅಂತ ಸುತ್ತಿತು. ಹಾಡು ಜೋರಾಗಿ ಶುರುವಾಗಿ, ಮೆಟ್ಟಿಲಿಳಿದ ಹಾಗೆ ಇಳಿದಿಳಿದು ಒಂದು ಕಡೆ ನಿಂತಿತು.

"ಇದೇ ಮಟ್ಟ," ಅಂದರು ಡ್ರೈವರಣ್ಣ. "ಅವಳಿಟ್ಟಿದ್ದು ಇದೇ."

ಮೇಷ್ಟ್ರು ಸುಮ್ಮನೆ ಎದ್ದು ಬರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಮುಖ ನೋಡಿ ತಡೆಯಲಾಗಲಿಲ್ಲ.

"ಅಣ್ಣಾ, ನಾನು ಸುಳ್ಳು ಹೇಳ್ದೆ. ಇದರಲ್ಲಿ ಇದ್ದದ್ದನ್ನೆಲ್ಲ ಮೊದಲನೇ ದಿನಾನೇ ಅಳಿಸಿಬಿಟ್ಟಿದ್ದೆ. ಕೈತಪ್ಪಿ."

ಡ್ರೈವರಣ್ಣ ಹಾಡು ನಿಲ್ಲಿಸಿದರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಮತ್ತೆ ಇದು?"

ಮೇಷ್ಟ್ರು ರಾತ್ರಿ ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಬಾವಿಕಟ್ಟೆ, ಕೆಂಪು ದೀಪ, ಕತ್ತಲಿನ ಸದ್ದು, ನಾಲಿಗೆ ಲೊಚಗುಟ್ಟಿದ್ದು. ಬೈಯುತ್ತಾರೆ, ನನ್ನ ನೋವಿನ ಜೊತೆ ಆಟ ಆಡ್ತೀಯಾ ಅಂತ ಆಚೆಗೆ ಅಟ್ಟುತ್ತಾರೆ ಅಂದುಕೊಂಡಿದ್ದ.

ಡ್ರೈವರಣ್ಣ ಬೈಯಲಿಲ್ಲ. ಮುಂದಕ್ಕೆ ಬಾಗಿ, ಹೆಂಡತಿಗೆ ಕೇಳದ ಹಾಗೆ, ಒಂದೇ ಒಂದು ಮಾತು ಕೇಳಿದರು.

"ಕೆಮ್ತಾ ಇದ್ಲಾ?"

ಮೇಷ್ಟ್ರಿಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಅವಳ ಪ್ರಾಣ ಒಯ್ದದ್ದು ಶ್ವಾಸಕೋಶದ ಕಾಯಿಲೆ. ಕಡೇ ನಾಲ್ಕು ತಿಂಗಳು ಕೆಮ್ಮಿಲ್ಲದೆ ಒಂದು ಮಾತನ್ನೂ ಪೂರ್ತಿ ಮಾಡಿರಲಿಲ್ಲ. ಕಣ್ಣು ಕಾಣದ ಅಪ್ಪ ರಾತ್ರಿಯೆಲ್ಲ ಪಕ್ಕದ ಕೋಣೆಯಲ್ಲಿ ಆ ಕೆಮ್ಮನ್ನೇ ಎಣಿಸುತ್ತಾ ಕೂತಿರುತ್ತಿದ್ದರು.

"ಇಲ್ಲ ಅಣ್ಣಾ. ಅಷ್ಟು ಹೊತ್ತೂ ಕೂತಿದ್ದೆ. ಒಂದು ಸಲಾನೂ ಕೆಮ್ಮಲಿಲ್ಲ."

ಡ್ರೈವರಣ್ಣ ರಿಮೋಟನ್ನು ಎದೆಗೆ ಒತ್ತಿಕೊಂಡರು. "ಹಾಂ," ಅಂದರು. ಮತ್ತೊಮ್ಮೆ, "ಹಾಂ." ಆಮೇಲೆ ಮಗುವಿನ ಹಾಗೆ ಬಾಯಿ ತೆರೆದು ಅತ್ತರು. ಆಸ್ಪತ್ರೆಯಲ್ಲೂ ಅಳದೇ ಇದ್ದ ಮನುಷ್ಯ.

ಇದನ್ನು ನಂಬದವರು ನಂಬಬೇಡಿ. ನಮ್ಮವನು ಸುಳ್ಳು ಹೇಳಿದ್ದು ಆ ಮೂರೇ ದಿನ, ಅದನ್ನೂ ಒಪ್ಪಿಕೊಂಡಿದ್ದಾನೆ. ಇನ್ನೊಂದು ಸಂಗತಿ ಅವನು ಡ್ರೈವರಣ್ಣನಿಗೂ ಹೇಳಿಲ್ಲ, ನನಗೆ ಹೇಳಿದ್ದಾನೆ. ಅವತ್ತು ಅವರ ಮನೆಯಿಂದ ಹೊರಡುವ ಮುಂಚೆ, ರಿಪೇರಿಯವರು ಮಾಡುವ ಹಾಗೆ, ಕೀಗಳನ್ನೆಲ್ಲ ಒಂದು ಸಲ ಪರೀಕ್ಷಿಸಿದ. ರಿಮೋಟ್‌ನ ಮೂತಿಯಿಂದ ಬರುವ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಫೋನಿನ ಕ್ಯಾಮೆರಾ ಹಿಡಿದರೆ ತೆಳು ನೇರಳೆ ಬಣ್ಣದಲ್ಲಿ ಕಾಣುತ್ತದೆ. ಅವನು ಕುರ್ಚಿಯ ಪಕ್ಕ ನಿಂತು ಫೋನು ಹಿಡಿದಿದ್ದ, ಡ್ರೈವರಣ್ಣ ಒಂದೊಂದೇ ಕೀ ಒತ್ತುತ್ತಿದ್ದರು. ಎದುರಿಗೆ ಗೋಡೆ, ಗೋಡೆಗೆ ತಾಗಿಸಿ ಹಾಕಿದ, ಮಗಳು ಮಲಗುತ್ತಿದ್ದ ಖಾಲಿ ಮಂಚ. ಫೋನಿನ ಪರದೆಯಲ್ಲಿ ರಿಮೋಟ್‌ನ ಬೆಳಕು ಮಿನುಗಿದಾಗಲೆಲ್ಲ ಮಂಚದ ಮೇಲೆ, ಕೂತವರ ಕೈ ಇರುವಷ್ಟು ಎತ್ತರದಲ್ಲಿ, ಅದೇ ನೇರಳೆ ಬಣ್ಣದ ಇನ್ನೊಂದು ಬೆಳಕು ಮಿನುಗುತ್ತಿತ್ತು.