ಗುಡ್ಡದ ಮೇಲಿನ ಕೆಲಸ

ಹತ್ತನೇ ತರಗತಿಯ ಮಕ್ಕಳು ಮುಂದೆ ಏನು ಓದಬೇಕು, ಯಾವ ಕೆಲಸ ಹಿಡಿಯಬೇಕು ಎಂದು ಸಲಹೆ ಕೇಳಲು ಅಮೆರಿಕದ ಕೆಂಟಕಿಯ ಒಂದು ಗಣಿಯೂರಿನ ಶಾಲೆಯಲ್ಲಿ ಹೆತ್ತವರು ಸಾಲುಗಟ್ಟಿದ್ದರು. ಹತ್ತನೇ ತರಗತಿಯ ಮೊಮ್ಮಗಳಿಗಾಗಿ ಬಂದಿದ್ದ ವರ್ನಾಳ ಮುಂದೆ ಸಾಲಿನಲ್ಲಿ ಇಬ್ಬರು ತಾಯಂದಿರು ನಿಂತಿದ್ದರು.

“ಕಂಪ್ಯೂಟರ್ ಪರೀಕ್ಷೇಲಿ ನಿನ್ ಮಗನಿಗೆ ಯಾವ ಕೆಲಸ ಒಪ್ಪುತ್ತೆ ಅಂತ ಬಂತೇ, ಟ್ವೈಲಾ?”

“ಜೈಲಿನ ಕಾವಲು. ನಿನ್ ಮಗಳಿಗೆ?”

“ಅವಳಿಗೂ ಅದೇ. ನರ್ಸ್ ಆಗ್ತೀನಿ ಅಂತಿದ್ಲು, ಪಾಪ.”

“ಗಣಿ ಮುಚ್ಚಿ ಗುಡ್ಡದ ಮೇಲೆ ಅಷ್ಟು ದೊಡ್ಡ ಜೈಲು ಕಟ್ತಿದಾರಲ್ಲ, ಇನ್ನೇನ್ ಬರುತ್ತೆ? ಇಡೀ ಕ್ಲಾಸಿಗೇ ಕೆಲಸ ಇದೆಯಂತೆ.”

“ಎಲ್ರೂ ಕಾವಲಿಗೆ ನಿಂತ್ರೆ ಒಳಗೆ ಯಾರನ್ನ ತುಂಬ್ತಾರೆ ಮಾರಾಯ್ತಿ?”

“ಇವತ್ತು ಈ ಸಾಲಿಗೆ ಬರದೇ ಇರೋರ್ನ.”

ಇಬ್ಬರೂ ನಗುತ್ತಲೇ ಒಳಗೆ ಹೋದರು.

ವರ್ನಾ ಕಿಟಕಿಯಾಚೆ ನೋಡಿದಳು. ಏನು ಮಾಡಿದರೂ ಮೊಮ್ಮಗಳು ಕಾರಿನಿಂದ ಇಳಿಯಲು ಒಪ್ಪಿರಲಿಲ್ಲ. ಈಗ ಕಾರಿನ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ.