ಊಟದ ಮೇಜಿಗೆ ಮುಂದೂಡಿದ ಆಕ್ಷೇಪಣೆ

ಗೌರವಾನ್ವಿತ ಡೀನ್ ಅವರೇ, ಬೆಳಗಿನಿಂದ ನನ್ನ ಮಹಾಪ್ರಬಂಧವನ್ನು ಜಾಲಾಡಿ ಈಗ ಅದೇ ನಗುಮುಖದಿಂದ ಕುರಿಮಾಂಸದ ಮುಂದೆ ಕುಳಿತಿರುವ ಪರೀಕ್ಷಕರೇ, ಅಪ್ಪ, ಗುನ್ವೋರ್ ಅತ್ತೆ, ಬರ್ಗೆನ್ ನಗರದ ಸಮಸ್ತ ಸಭಿಕರೇ,

ಡಾಕ್ಟರೇಟ್ ಪಡೆದ ಮೇಲೆ ಇದು ನನ್ನ ಮೊದಲ ಭಾಷಣ. ಬರೆದುಕೊಂಡು ಬಂದ ಚೀಟಿಯನ್ನು ತಲೆಕೆಳಗಾಗಿ ಹಿಡಿದಿದ್ದೇನೆ. ವೈನ್ ಕಾರಣವಲ್ಲ. ಕಾರಣ ಆ ಕಿಟಕಿಯ ಪಕ್ಕ ಕೂತು, ಆಲೂಗಡ್ಡೆಯನ್ನು ತಟ್ಟೆಯಲ್ಲೇ ಸುತ್ತಾಡಿಸುತ್ತಿದೆ.

ಬೆಳಿಗ್ಗೆ ಬಾರದವರಿಗಾಗಿ ನಡೆದದ್ದನ್ನು ಹೇಳಿಬಿಡುತ್ತೇನೆ. ನನ್ನ ಸಂಶೋಧನೆ ವಿದ್ಯುತ್ ಮಾರಾಟದ ಕರಾರುಗಳ ಕಾನೂನಿನ ಮೇಲೆ. ಗಂಟೆಗೊಮ್ಮೆ ಬೆಲೆ ಬದಲಾಗುವ ಕರಾರು ಒಂದು. ಹತ್ತಾರು ವರ್ಷ ಒಂದೇ ಬೆಲೆಯ ಕರಾರು ಇನ್ನೊಂದು. ಎರಡನೆಯದೇ ಮೇಲು ಎಂದು ಪುಟಗಟ್ಟಲೆ ವಾದಿಸಿದ್ದೇನೆ. ಪರೀಕ್ಷೆಯೆಲ್ಲ ಮುಗಿದ ಮೇಲೆ ಡೀನ್ ಅವರು ಪದ್ಧತಿಯಂತೆ ಕೇಳಿದರು: “ಸಭೆಯಲ್ಲಿ ಯಾರಿಗಾದರೂ ಆಕ್ಷೇಪಣೆ ಇದೆಯೇ?” ನಮ್ಮಲ್ಲಿ ಹೀಗೆ ಕೇಳುವುದೇ ಯಾರೂ ಏಳಲಾರರೆಂಬ ಧೈರ್ಯದಿಂದ. ಹಾಲ್ವರ್ ಎದ್ದ. ಎಷ್ಟೋ ವರ್ಷಗಳಿಂದ ಮದುವೆಯಿಲ್ಲದೆ ನನ್ನೊಡನೆ ಒಂದೇ ಮನೆಯಲ್ಲಿ ಬಾಳುತ್ತಿರುವ ಹಾಲ್ವರ್!

“ದೀರ್ಘ ಕರಾರನ್ನ ಇಷ್ಟು ಹೊಗಳೋ ಅಭ್ಯರ್ಥಿ ತಮ್ಮ ಮನೇಲಿ ಮಾತ್ರ ಯಾಕೆ ಗಂಟೆ ಲೆಕ್ಕದಲ್ಲೇ ಇದ್ದಾರೆ? ನನ್ನನ್ನ ಮದುವೆ ಆಗ್ತಾರಾ?”

ಸಭಿಕರೇ, ಆಗ ನಾನೇನು ಮಾಡಿದೆ? ಸಂಶೋಧಕಿಯೊಬ್ಬಳು ಮಾತ್ರ ಮಾಡಬಹುದಾದದ್ದನ್ನು ಮಾಡಿದೆ. “ಒಳ್ಳೆಯ ಪ್ರಶ್ನೆಗಾಗಿ ಧನ್ಯವಾದ. ಈ ಬಗ್ಗೆ ಹೆಚ್ಚಿನ ಅಧ್ಯಯನ ಅಗತ್ಯವಿದೆ” ಎಂದೆ. ಅಭ್ಯಾಸಬಲ! ಅವನ ಮುಖ ಸುಣ್ಣವಾಯಿತು. ಅತ್ತೆ ಹಿಂದಿನ ಸಾಲಿನಿಂದ ಜೋರಾಗಿ, “ಏನಂದ್ಲೋ ನಿನ್ನ ಮಗಳು? ಹೂಂ ಅಂದ್ಲಾ, ಊಹೂಂ ಅಂದ್ಲಾ?” ಎಂದರು.

“ಕಾನೂನು ಓದಿದವಳು ಕಣಕ್ಕಾ, ಎರಡೂ ಅಂದ್ಲು” ಎಂದ ಅಪ್ಪ.

ಡೀನ್ ಅವರು ಕೆಮ್ಮಿ, ಪ್ರಶ್ನೆ ಪ್ರಬಂಧದ ವ್ಯಾಪ್ತಿಗೆ ಸೇರದು, ಉತ್ತರ ಊಟದ ಹೊತ್ತಿಗೆ ಎಂದು ತೀರ್ಪಿತ್ತರು.

ಅದಕ್ಕೇ ಈಗ ಎದ್ದಿದ್ದೇನೆ. ನಾನೇಕೆ ತಡವರಿಸಿದೆ? ಅಪ್ಪ, ಬೇಜಾರಾಗಬೇಡ. ನೀನೂ ಅಮ್ಮನೂ ಬಾಳಿನುದ್ದದ ಕರಾರಿಗೇ ಸಹಿ ಹಾಕಿದ್ದವರು. ನಾನು ಶಾಲೆಯಲ್ಲಿರುವಾಗಲೇ ಅದು ಮುರಿಯಿತು. ಒಳ್ಳೆಯ ಕರಾರು ಏಕೆ ಮುರಿಯುತ್ತದೆ? ಏಕೆ? ಇಷ್ಟು ಕಾಲ ವಿದ್ಯುತ್ತಿನ ಬಗ್ಗೆಯೇ ಓದಿದೆನೆಂದು ತಿಳಿದಿದ್ದೆ. ಈಗ ನನಗೇ ಅನುಮಾನ. ನಾನು ಓದಿದ ಕರಾರುಗಳಲ್ಲಿ ಬೆಲೆ ಏರಿ ಮುರಿದವು ಕಡಿಮೆ. ಹೆಚ್ಚಿನವು ಮುರಿದದ್ದು ಸರ್ಕಾರ ನಿಯಮ ಬದಲಿಸಿದಾಗ. ಹಾಗೇನಾದರೂ ಆದರೆ ಮತ್ತೆ ಕೂತು ಮಾತಾಡಬೇಕೆಂಬ ಒಂದು ಸಾಲನ್ನು ಆ ಕರಾರುಗಳಲ್ಲಿ ಯಾರೂ ಬರೆದಿರಲಿಲ್ಲ.

ಹಾಲ್ವರ್, ಆ ಆಲೂಗಡ್ಡೆ ಬಿಟ್ಟು ಇಲ್ಲಿ ನೋಡು. ನಮ್ಮ ಸಾಲು ಹೀಗಿರಲಿ: ಏನೇ ಬದಲಾದರೂ, ಬಾಗಿಲ ಕಡೆ ನಡೆಯುವ ಮೊದಲು ಇಬ್ಬರೂ ಅಡುಗೆಮನೆಯಲ್ಲಿ ಎದುರುಬದುರು ಕೂರತಕ್ಕದ್ದು. ಒಪ್ಪಿಗೆಯೇ? ತಲೆಯಾಡಿಸಿದ! ಪರೀಕ್ಷಕರು ಸಾಕ್ಷಿ.

ಹಾಗಾದರೆ ಹೂಂ ಕಣೋ. ಹೂಂ!

ಪ್ರಬಂಧ ಓದಿದವರಿಗೂ, ಓದಿದಂತೆ ತಲೆದೂಗಿದವರಿಗೂ ನಾನು ಋಣಿ. ಇನ್ನೂ ಹೇಳುವುದಿತ್ತು, ಆದರೆ ಅವನು ಮೇಜು ಬಳಸಿ ಬರುತ್ತಿದ್ದಾನೆ, ಕುರ್ಚಿ ಬೀಳಿಸಿದ, ಡೀನ್ ಅವರೇ, ನಿಮ್ಮ ಲೋಟ ಎತ್ತಿಕೊಳ್ಳಿ, ಎಲ್ಲರಿಗೂ ವಂದನೆ, ನಮಸ್ಕಾರ, ನಮಸ್ಕಾರ!