ಎರಡು ಕುಡಿಕೆ ಗಿಣ್ಣುಹಾಲು

ನೊವ್‌ಗೊರೊದ್ ಊರಿಗೆ ಊರೇ ಹೊಳೆಯಲ್ಲಿ ಮುಳುಗಿ ಕ್ರೈಸ್ತರಾಗಿ ಮೂರು ವರ್ಷವಾಗಿತ್ತು. ದೋಣಿಗೆ ಕಾಯುತ್ತಿದ್ದೆ. ನನ್ನ ಮುಂದೆ ಗಿಣ್ಣುಹಾಲಿನ ಎರಡು ಕುಡಿಕೆ ಹಿಡಿದ ನೆಷ್ಕಾ, ಪಕ್ಕದಲ್ಲಿ ಅವಳ ಅತ್ತಿಗೆ ದೊಬ್ರಾವಾ.

“ಹಸು ಉಳೀತೇನೆ?”

“ಉಳೀತು ಅತ್ತಿಗೆ. ಕರು ಅಡ್ಡ ಸಿಕ್ಕೊಂಡಿತ್ತು. ದನ ಕಾಯೋ ನಮ್ಮ ಹಳೇ ದೇವ್ರು ವೋಲೊಸನ್ನ ಕೂಗ್ಕೊಂಡೆ. ತಿರುಗಿದ್ರೆ ಬಾಗಿಲಲ್ಲೇ ಪಾದ್ರಿ.”

“ಬೈದ್ರಾ?”

“ಇಲ್ಲ. ‘ಸಂತ ವ್ಲಾಸಿ ಅಂತ ಕೂಗಮ್ಮ, ಅವನೂ ದನ ಕಾಯೋನೇ’ ಅಂದು, ಅಂಗಿ ತೋಳು ಮೇಲಕ್ಕೆ ಮಡಿಸ್ಕೊಂಡು ಕರು ಎಳೆದ್ರು.”

“ಹಂಗಾದ್ರೆ ಗಿಣ್ಣು ಅವರಿಗೆ.”

“ಒಂದು ಕುಡಿಕೆ ಅವರಿಗೆ. ಇನ್ನೊಂದು ಆಚೆ ದಡದ ವೋಲೊಸನ ಕಲ್ಲಿಗೆ.”

“ಪಾದ್ರಿಗೆ ಗೊತ್ತಾದ್ರೆ?”

“ಕಲ್ಲಿಗೆ ಇಡೋದು ಮರೀಬೇಡ ಅಂದಿದ್ದೇ ಪಾದ್ರಿಯ ತಾಯಿ, ಅತ್ತಿಗೆ.”

ದೊಬ್ರಾವಾ ನಗುತ್ತ ಒಂದು ಕುಡಿಕೆ ಇಸಿದುಕೊಂಡಳು. ಇಬ್ಬರೂ ಹತ್ತಿದ ಮೇಲೆ ದೋಣಿ ತುಂಬಿತು.